ಒಲೆ ಏರದ ಊಟ

ಮಧ್ಯಾಹ್ನ ಊಟವಾದ ಮೇಲೆ ಚಾಮರಾಜಪೇಟೆಯ ನಮ್ಮ ಬೀದಿಗೆ ಒಂದು ಮಂಪರು ಕವಿಯುತ್ತದೆ. ತರಕಾರಿ ಗಾಡಿಯ ಮೈಕು ಮುಂದಿನ ಅಡ್ಡರಸ್ತೆಗೆ ದಾಟಿಹೋಗಿರುತ್ತದೆ. ಎದುರು ಮನೆಯ ಮಿಕ್ಸಿ ನಿಂತಿರುತ್ತದೆ. ನಮ್ಮ ನಡುಮನೆಯ ಕೆಂಪು ಗಾರೆ ನೆಲದ ಮೇಲೆ ಕಿಟಕಿ ಸರಳುಗಳ ನೆರಳು ಉದ್ದುದ್ದ ಬಿದ್ದು, ಮೆಲ್ಲಗೆ ಗೋಡೆಯ ಕಡೆ ತೆವಳುತ್ತದೆ. ಆ ನೆರಳುಗಳ ನಡುವೆ ಮರಿ ಮಲಗಿರುತ್ತಿದ್ದ. ನಿದ್ದೆಯಲ್ಲಿ ಅವನ ಕಾಲು ಓಡುತ್ತಿತ್ತು, ಬಾಯಿ ಸಣ್ಣಗೆ ಅಲುಗುತ್ತಿತ್ತು. ಎಚ್ಚರವಿದ್ದಾಗ ತಿನ್ನದವನು ಕನಸಿನಲ್ಲಿ ಏನು ತಿನ್ನುತ್ತಾನೋ ಎಂದು ನಾನು ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿಸುಕುತ್ತಾ ನೋಡುತ್ತಿದ್ದೆ. ಕಾಳು ಸಿಪ್ಪೆಯಿಂದ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುವ ಸದ್ದಿಗೆ ಅವನ ಕಿವಿ ಮಾತ್ರ ತಿರುಗುತ್ತಿತ್ತು. ಆ ಚಳಿಗಾಲವನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಕಿವಿ. ಮಿಕ್ಕದ್ದೆಲ್ಲ ಅದರ ಹಿಂದೆ, ಹಬೆ ಹಿಡಿದ ಗಾಜಿನಾಚೆ ಇದ್ದ ಹಾಗೆ, ನಿಧಾನವಾಗಿ ಬರುತ್ತದೆ.

ಅವನಿಗೊಂದು ಹೆಸರಿತ್ತು, ಲಸಿಕೆ ಹಾಕಿಸುವಾಗ ಬರೆಸಿದ್ದು. ಮನೆಯಲ್ಲಿ ಯಾರೂ ಆ ಹೆಸರಿನಿಂದ ಕರೆಯಲಿಲ್ಲ. ಬೀದಿಯಿಂದ ಎತ್ತಿಕೊಂಡು ಬಂದಾಗ ಅಂಗೈಯಗಲ ಇದ್ದ, ಕಂದು ಬಣ್ಣದ ನಾಯಿಮರಿ. ಬೆಳೆದು ನಡುವಯಸ್ಸಾದ ಮೇಲೂ ಮರಿಯೇ ಆಗಿ ಉಳಿದ. ಸಾಕಿದ್ದು ನಾನಾದರೂ ಅವನು ಸೇರಿದ್ದು ನಮ್ಮ ಅತ್ತೆಗೆ. ಅತ್ತೆ ಬೆಳಗ್ಗೆ ಎದ್ದು, ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತರೆ ಅವನು ದೇವರ ಮನೆಯ ಹೊಸ್ತಿಲಾಚೆ ಮುಂಗಾಲು ಚಾಚಿ ಕಾಯುತ್ತಿದ್ದ. ಪೂಜೆ ಮುಗಿಯುವವರೆಗೆ ಆ ಮನೆಯಲ್ಲಿ ಯಾರ ಬಾಯಿಗೂ ಏನೂ ಹೋಗುವುದಿಲ್ಲ. ನಾನು ಮದುವೆಯಾಗಿ ಬಂದ ದಿನದಿಂದ ಹಾಗೆಯೇ. ಮುಗಿದ ಮೇಲೆ ಅತ್ತೆ ತಮ್ಮ ತಟ್ಟೆಯಿಂದ ಮೊದಲ ತುತ್ತು ಅವನಿಗೆ ಕೊಟ್ಟು, "ಬಾರೋ ಕಂದ, ಉಣ್ಣು" ಅನ್ನುತ್ತಿದ್ದರು.

ಊಟದಲ್ಲಿ ಅವನ ಸೊಕ್ಕು ಹೇಳತೀರದು. ಮೊಸರನ್ನವಾದರೆ ಅತ್ತೆಯ ಕೈಯಲ್ಲೇ ಕಲಸಿದ್ದಾಗಬೇಕು. ಒಗ್ಗರಣೆಯ ಸಾಸಿವೆಯನ್ನು ನಾಲಿಗೆಯಲ್ಲೇ ಬೇರೆ ಮಾಡಿ, ತಟ್ಟೆಯ ಅಂಚಿಗೆ ಸಾಲಾಗಿ ಉಗಿಯುತ್ತಿದ್ದ. ಇಡ್ಲಿಯಾದರೆ ನಡುವಿನ ಭಾಗ, ಅಂಚಲ್ಲ. ಅಂಗಡಿಯ ಡಾಗ್ ಫುಡ್ ತಂದಿಟ್ಟರೆ ಒಂದು ಕಾಳನ್ನು ಬಾಯಲ್ಲಿ ಹಿಡಿದು, ನನ್ನ ಪಾದದ ಹತ್ತಿರ ತಂದಿಟ್ಟು, ಹಿಂದೆ ಸರಿದು ಕೂರುತ್ತಿದ್ದ. ನಿಮ್ಮದೇನೋ ಬಿದ್ದಿದೆ ನೋಡಿ ಎನ್ನುವ ಹಾಗೆ.

ಆಮೇಲೆ ಅವನ ಮೈ ಕೆರೆತ ಶುರುವಾಯಿತು. ಕಿವಿಯ ಹಿಂದೆ ಕೂದಲು ಉದುರಿ ಚರ್ಮ ಕೆಂಪಗಾಯಿತು. ಹೊಟ್ಟೆ ಕೆಟ್ಟು ಭೇದಿ ನಿಲ್ಲಲಿಲ್ಲ. ಪಕ್ಕೆಲುಬು ಎಣಿಸುವಷ್ಟು ಇಳಿದುಹೋದ. ಬಸವನಗುಡಿಯ ಡಾಕ್ಟರು ರಕ್ತ ತೆಗೆದು, ಔಷಧಿ ಕೊಟ್ಟು, ಕೆಲವು ವಾರ ನೋಡಿ, ಕೊನೆಗೆ ಹೇಳಿದರು. ಅನ್ನ, ಗೋಧಿ, ಹಾಲು, ಮೊಸರು ಇವನಿಗೆ ಆಗುತ್ತಿಲ್ಲ. ಪೂರ್ತಿ ಬಿಡಿಸಿ, ಮಾಂಸ ಹಾಕಬೇಕು. ಬೇಯಿಸಿಯೂ ಕೊಡಬಹುದು, ಶುಚಿಯಾಗಿ ನೋಡಿಕೊಳ್ಳುವುದಾದರೆ ಹಸಿಯಾಗಿಯೂ ಕೊಡಬಹುದು. ಬೇಯಿಸಿದ ಮೂಳೆ ಮಾತ್ರ ಯಾವತ್ತೂ ಬೇಡ. ಹೀಗೇ ಇಳಿಯುತ್ತಾ ಹೋದರೆ ಕಷ್ಟ.

ಕೊನೆಯ ಮಾತನ್ನು ಅವರು ಮೆಲ್ಲಗೆ ಹೇಳಿದ್ದು. ಆಟೋದಲ್ಲಿ ಮನೆಗೆ ಬರುವಾಗ ಮರಿ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ. ಆ ತಲೆ ಎಷ್ಟು ಹಗುರವಾಗಿತ್ತೆಂದರೆ, ಇದ್ದಾನೋ ಇಲ್ಲವೋ ಎಂದು ಆಗಾಗ ಬಗ್ಗಿ ನೋಡುತ್ತಿದ್ದೆ.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ ನಮ್ಮದು. ಮೊಟ್ಟೆ ಹಾಕಿದ ಕೇಕು ಕೂಡ ಒಳಗೆ ಬಂದಿದ್ದಿಲ್ಲ. ನಮ್ಮ ಯಜಮಾನರು ಪೇಟೆಯ ಬಟ್ಟೆ ಅಂಗಡಿಯಿಂದ ಬಂದ ಮೇಲೆ, ಅತ್ತೆಯ ಮುಂದೆ ವಿಷಯ ಇಟ್ಟೆವು. ಅತ್ತೆ ಎಲೆ ಅಡಿಕೆ ಅಗಿಯುತ್ತಾ ಬಹಳ ಹೊತ್ತು ಮರಿಯ ಬೆನ್ನು ಸವರುತ್ತಿದ್ದರು. ಬೆರಳು ಒಂದೊಂದು ಎಲುಬಿನ ಮೇಲೂ ನಿಂತು ನಿಂತು ಹೋಗುತ್ತಿತ್ತು. ಆಮೇಲೆ ಹೇಳಿದರು:

"ನನ್ನ ಒಲೆ ಮೇಲೆ ಏರಬಾರದು."

"ಏರಲ್ಲ ಅತ್ತೆ. ಹಸೀದೇ ಕೊಡೋದು."

"ಒಳಗೆ ಬರಬಾರದು. ಹಿತ್ಲಲ್ಲೇ ಇರ್ಲಿ. ಅದು ಅಲ್ಲಿರೋವಾಗ ನಾನು ಆ ಕಡೆ ಬರಲ್ಲ."

ಹೀಗೆ, ಜಗತ್ತಿನಲ್ಲಿ ಯಾರು ಯಾವ ಕಾರಣಕ್ಕೆ ನಾಯಿಗೆ ಹಸಿ ಮಾಂಸ ಹಾಕುತ್ತಾರೋ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಅದು ಬಂದದ್ದು ಒಲೆ ಮುಟ್ಟುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಹಿತ್ತಲ ಜಗುಲಿಯ ಮೇಲೆ, ವಾಷಿಂಗ್ ಮಷೀನಿನ ಪಕ್ಕ, ಒಂದು ಸಣ್ಣ ಫ್ರಿಜ್ಜು ಬಂತು. ಮರಿಗೆ ಬೇರೆ ಬಟ್ಟಲು, ಬೇರೆ ಚಾಕು, ಬೇರೆ ಸ್ಪಂಜು, ಕೈ ತೊಳೆಯಲು ಬೇರೆ ಸೋಪು. ಸೋಪಿನ ಡಬ್ಬಿಗೆ ನಾನು ಕೆಂಪು ದಾರ ಕಟ್ಟಿಟ್ಟೆ, ಮರೆತು ಒಳಗೆ ತರಬಾರದೆಂದು.

ಮಾಂಸದಂಗಡಿಗೆ ಹೋದ ಮೊದಲ ದಿನ ಬೇರೆ ಯಾರದೋ ಜೀವನದೊಳಗೆ ಕಾಲಿಟ್ಟ ಹಾಗಿತ್ತು. ಹಾಲಿಗೆ ಒಯ್ಯುವ ಹಾಗೆ ಮುಚ್ಚಳದ ಸ್ಟೀಲು ಡಬ್ಬಿ, ಅದರ ಮೇಲೆ ಬಟ್ಟೆ ಚೀಲ. ಬೆಳಗಿನ ಎಳೆ ಬಿಸಿಲು ಅಂಗಡಿಯ ಒದ್ದೆ ಕಟ್ಟೆಯ ಮೇಲೆ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ನಾನು ಬದನೆಕಾಯಿ ಆರಿಸುವವಳಂತೆ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಅಂಗಡಿಯವನು ಸಾರಿಗೋ ಬಿರಿಯಾನಿಗೋ ಎಂದು ಕೇಳಿದ. ನಾಯಿಗೆ ಎಂದೆ. ಯಾವ ನಾಯಿ ಎಂದು ಕೇಳಿದ. ನಮ್ಮ ನಾಯಿ ಎಂದೆ. ಅವನು ನಗಲಿಲ್ಲ, ಪಕ್ಕದಲ್ಲಿ ನಿಂತಿದ್ದ ಹೆಂಗಸು ನಕ್ಕಳು. ಡಬ್ಬಿ ಹಿಡಿದು ವಾಪಸು ಬರುವಾಗ ಇಡೀ ಬೀದಿ ನನ್ನನ್ನೇ ನೋಡುತ್ತಿದೆ ಅನ್ನಿಸಿತು. ನೋಡುತ್ತಿದ್ದದ್ದು ಎರಡು ಬೆಕ್ಕು ಮಾತ್ರ.

ಡಾಕ್ಟರು ಹೇಳಿದ ಹಾಗೆ ತುಂಡುಗಳನ್ನು ಕೆಲವು ದಿನ ಫ್ರೀಜರಿನಲ್ಲಿಟ್ಟೆ. ಆಮೇಲೆ ದಿನಕ್ಕೆ ಬೇಕಾದಷ್ಟು ಹೊರಗೆ ತೆಗೆದು ಕರಗಿಸಿ, ತೊಳೆಯಲು ಕೂತೆ. ತೊಳೆಯುವುದೆಂದರೆ ನನಗೆ ಗೊತ್ತಿದ್ದದ್ದು ಒಂದೇ ರೀತಿ. ದೊಡ್ಡ ಬೇಸಿನ್ನಿನಲ್ಲಿ ನೀರು ತುಂಬಿ, ತುಂಡುಗಳನ್ನು ಬಿಟ್ಟು, ಕೈಯಾಡಿಸಿ, ನೀರು ಬಸಿದು, ಮತ್ತೆ ತುಂಬಿ, ಮತ್ತೆ ಬಸಿದು, ನೀರು ತಿಳಿಯಾಗುವವರೆಗೆ. ಎರಡನೇ ನೀರಿಗೆ ಕಲ್ಲುಪ್ಪು, ಮೂರನೆಯದಕ್ಕೆ ಅರಿಶಿನ. ಕೊನೆಗೆ ಹಿಂಡಿ, ಬಟ್ಟಲಲ್ಲಿ ಒಪ್ಪವಾಗಿ ಜೋಡಿಸಿಟ್ಟರೆ ಹಳದಿಗೆ ತಿರುಗಿದ ಆ ತುಂಡುಗಳು ಒಗೆದು ಹಿಂಡಿಟ್ಟ ಕರವಸ್ತ್ರಗಳಂತೆ ಕಾಣುತ್ತಿದ್ದವು. ವಾಸನೆ ಎಂಬುದು ಹೆಸರಿಗೂ ಇರಲಿಲ್ಲ. ನನಗೆ ಅದೊಂದು ಸಮಾಧಾನ.

ಮರಿ ಬಂದ. ಬಟ್ಟಲಿನ ಮೇಲೆ ಮೂಗು ಚಾಚಿದ. ನನ್ನ ಮುಖ ನೋಡಿದ. ಪಾರಿಜಾತದ ಗಿಡದ ಬುಡಕ್ಕೆ ಹೋಗಿ ಮಲಗಿದ.

ಡಾಕ್ಟರನ್ನು ಕೇಳಿದರೆ, ಸ್ವಲ್ಪ ಹೊತ್ತು ಇಟ್ಟು, ಎತ್ತಿಬಿಡಿ, ಬೇರೇನೂ ಕೊಡಬೇಡಿ, ಹಸಿವಾದರೆ ತಿನ್ನುತ್ತಾನೆ ಎಂದರು. ಫೋನಿನಲ್ಲಿ ನೋಡಿದ ವಿಡಿಯೋಗಳಲ್ಲಿ ನಾಯಿಗಳು ಬಟ್ಟಲನ್ನೇ ನುಂಗುವ ಹಾಗೆ ಮುಗಿಬೀಳುತ್ತಿದ್ದವು. ಸಣ್ಣಗೆ ಕೊಚ್ಚಿ ಕೊಟ್ಟೆ. ದೊಡ್ಡ ತುಂಡು ಕೊಟ್ಟೆ. ಬೇಯಿಸಿದ ಸಿಹಿಗುಂಬಳ ಬೆರೆಸಿದೆ. ಕುಂಬಳ ತಿಂದು ಮಾಂಸ ಬಿಟ್ಟ. ಹಾಲಿನದಾದರೂ ಎರಡೇ ಹನಿ ತಾನೆ ಎಂದು ಮೇಲೆ ತುಪ್ಪ ಹಾಕಿದೆ. ತುಪ್ಪ ನೆಕ್ಕಿದ. ಒಂದು ದಿನ ಬಾಳೆ ಎಲೆಯ ತುಂಡಿನ ಮೇಲೆ ಬಡಿಸಿದ್ದೂ ಉಂಟು. ಎಲೆಯ ಅಂಚನ್ನು ಕಚ್ಚಿ ನೋಡಿ ಬಿಟ್ಟ. ನಮ್ಮ ಯಜಮಾನರು ಜಗುಲಿಯಲ್ಲಿ ನಿಂತು, ಪಾಯಸ ಒಂದು ಬಾಕಿ ನೋಡು ಎಂದರು. ಬೇಯಿಸಿದ ಕುಂಬಳದ ನೀರು, ಒಂದೆರಡು ತುಂಡು ಪಪ್ಪಾಯಿ, ಇಷ್ಟರಲ್ಲೇ ಅವನು ದಿನ ದೂಡುತ್ತಿದ್ದ.

ಒಳಗೆ ಅತ್ತೆಯ ಊಟವೂ ಕೆಟ್ಟಿತು. ಅವರೇನೂ ಉಪವಾಸ ಎಂದು ಕೂರಲಿಲ್ಲ, ಅಂಥ ಆಡಂಬರ ಅವರಲ್ಲಿಲ್ಲ. ಪೂಜೆ ಮುಗಿಸಿ, ನಾನು ಮರಿಗೆ ಬಟ್ಟಲಿಟ್ಟು ಬಂದ ಮೇಲೆ ತಟ್ಟೆ ಮುಂದಿಟ್ಟುಕೊಂಡು, ಅವನು ತಿಂದನಾ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ, ಇರ್ಲಿ, ಆಮೇಲೆ ತಿಂತೀನಿ ಎಂದು ತಟ್ಟೆ ಮುಚ್ಚಿಡುತ್ತಿದ್ದರು. ಸಕ್ಕರೆ ಕಾಯಿಲೆಯವರು. ಹೊಸ್ತಿಲಾಚೆ ಮರಿ, ಈಚೆ ಅತ್ತೆ, ಇಬ್ಬರ ನಡುವೆ ಮುಚ್ಚಿದ ತಟ್ಟೆ. ಮೊದಲ ತುತ್ತು ಕೊಡಲಾರದ ಕೈಯನ್ನು ಅವರು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಚಳಿಗಾಲದ ಆ ಬಿಸಿಲಿನಲ್ಲಿ ಇಬ್ಬರೂ ತೂಕಡಿಸುತ್ತಿದ್ದರು. ಮನೆಯೇ ಎಲ್ಲೋ ತೇಲಿಕೊಂಡು ಹೋಗುತ್ತಿದೆ, ಹಿಡಿದು ನಿಲ್ಲಿಸಬೇಕಾದವಳು ನಾನೇ, ಆದರೆ ನನಗೂ ನಿದ್ದೆ ಬರುತ್ತಿದೆ ಎನ್ನಿಸುತ್ತಿತ್ತು.

ನಮ್ಮ ಯಜಮಾನರಿಗೆ ಓಕಳಿಪುರದಲ್ಲಿ ಒಬ್ಬ ಗೆಳೆಯರಿದ್ದಾರೆ, ಕಾಲೇಜಿನ ಕಾಲದವರು. ರೈಲು ಹಳಿಗೆ ಹತ್ತಿರದ ಮನೆ, ಎರಡು ನಾಯಿ, ಭಾನುವಾರಕ್ಕೆ ತಪ್ಪದೆ ಬಾಡೂಟ. ಮರಿಯನ್ನು ನೋಡಲು ಬಂದವರು ಅವನ ಪಕ್ಕೆ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ಅತ್ತಿಗೆ, ತಪ್ಪು ತಿಳ್ಕೋಬೇಡಿ. ನಮ್ಮನೇಗೆ ಕೊಟ್ಬಿಡಿ. ನಮ್ಮ ನಾಯಿಗಳು ತಿನ್ನೋದು ನೋಡಿ ಇವನೂ ಕಲೀತಾನೆ. ಬೇಕಾದಾಗ ಬಂದು ನೋಡ್ಕೊಂಡು ಹೋಗಿ."

ನಮ್ಮ ಯಜಮಾನರು ನೆಲ ನೋಡುತ್ತಾ, ಅದೇ ಸರಿಯೇನೋ ಎಂದರು. ಅವರಿಗೆ ಮರಿ ಬೇಡವಾಗಿದ್ದ ಎಂದಲ್ಲ. ಕಣ್ಣೆದುರು ಕರಗುವುದನ್ನು ನೋಡಲಾಗುತ್ತಿರಲಿಲ್ಲ, ಅಷ್ಟೇ. ಭಾನುವಾರ ಬೆಳಗ್ಗೆ ಬಂದು ಕರೆದುಕೊಂಡು ಹೋಗುವುದೆಂದು ಮಾತಾಯಿತು. ಅತ್ತೆ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡರು. ಅಂದಿನಿಂದ ಶನಿವಾರದವರೆಗೆ ನಾನು ಏನೇನು ಮಾಡಿದೆನೋ ನೆನಪಿಲ್ಲ. ಓಕಳಿಪುರ ದೂರವೇನಲ್ಲ, ಮೆಜೆಸ್ಟಿಕ್ಕಿನ ಆಚೆ. ಆದರೆ ಅವನು ಆ ಮನೆಯಲ್ಲಿ ಬೆಳಗ್ಗೆ ಎದ್ದು ಯಾರ ಹೊಸ್ತಿಲ ಮುಂದೆ ಮುಂಗಾಲು ಚಾಚುತ್ತಾನೆ ಎಂಬುದೊಂದೇ ಯೋಚನೆ ಸುತ್ತುತ್ತಿತ್ತು.

ಶನಿವಾರ ಬೆಳಗ್ಗೆ ಹಿತ್ತಲಲ್ಲಿ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಪಾರಿಜಾತದ ಹೂ ಒಗೆಯುವ ಕಲ್ಲಿನ ಮೇಲೆಲ್ಲ ಬಿದ್ದಿತ್ತು. ನಾನು ಬೇಸಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡನೇ ನೀರು ಬಸಿಯುತ್ತಿದ್ದೆ. ಬಾಗಿಲು ಕಿರುಗುಟ್ಟಿತು. ತಿರುಗಿ ನೋಡಿದರೆ ಅತ್ತೆ. ರಾತ್ರಿ ಉಟ್ಟ ಹಳೇ ಸೀರೆ, ಬಿಚ್ಚಿದ ಕೂದಲು, ಹಣೆ ಬರಿದು. ವಿಭೂತಿಯಿಲ್ಲದ ಆ ಹಣೆಯನ್ನು ನಾನು ಅಷ್ಟು ವರ್ಷದಲ್ಲಿ ಸರಿಯಾಗಿ ನೋಡಿಯೇ ಇರಲಿಲ್ಲ. ಯಾರೋ ಬೇರೆಯವರು, ಚಿಕ್ಕವಯಸ್ಸಿನವರು, ಬಂದು ನಿಂತ ಹಾಗಿತ್ತು.

"ಸ್ನಾನ ಆಗ್ಲಿಲ್ವಾ ಅತ್ತೆ?"

"ಆಮೇಲೆ ಮಾಡ್ತೀನಿ."

ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಸೆರಗಿನಲ್ಲಿ ಸುತ್ತಿ ಒಳಕ್ಕೆ ಸೇರಿಸಿದರು. ನಿದ್ದೆ ಹೋದ ಮಗುವಿಗೆ ಬೆಳಕು ತಾಗದಂತೆ ಹೊದಿಸುವ ಹಾಗೆ. ಸೆರಗಿನ ಇನ್ನೊಂದು ತುದಿ ಮೂಗಿಗೆ ಹಿಡಿದು ಮೆಟ್ಟಿಲಿಳಿದರು. ಬೇಸಿನ್ನಿನಲ್ಲಿ ಅರಿಶಿನದ ನೀರು, ಅದರೊಳಗೆ ನನ್ನ ಕೈ. ಸ್ವಲ್ಪ ಹೊತ್ತು ನೋಡಿದರು.

"ಅದೇನೇ ಅದು, ಅಕ್ಕಿ ತೊಳ್ದಂಗೆ ತೊಳೀತಿದೀಯ?"

"ವಾಸನೆ ಹೋಗ್ಲಿ ಅಂತ."

"ಯಾರಿಗೆ ವಾಸನೆ?"

ನಾನು ಬೇಸಿನ್ನಿನಿಂದ ಕೈ ಹೊರಗೆ ತೆಗೆದೆ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಮ್ಗೆ ತಾನೆ? ತಿನ್ನೋನು ಅವನು ಕಣೇ. ಅವನೇನು ಊಟನ ಕಣ್ಣಲ್ಲಿ ನೋಡ್ತಾನಾ, ಮೂಗಲ್ಲಿ ನೋಡ್ತಾನೆ. ನೀನು ಇರೋದನ್ನೆಲ್ಲಾ ಬಸಿದು ಚೆಲ್ಲಿ ಸಪ್ಪೆ ಮಾಡಿಟ್ರೆ, ಇದು ಊಟ ಅಂತ ಅವನಿಗೆ ಹೆಂಗೆ ಗೊತ್ತಾಗ್ಬೇಕು? ತೊಳೀದೇ ಇರೋದು ಇದ್ಯಾ?"

ಇತ್ತು. ರಾತ್ರಿಯೇ ಫ್ರೀಜರಿನಿಂದ ಕೆಳಕ್ಕೆ ಇಳಿಸಿಟ್ಟ ಇನ್ನೊಂದು ಡಬ್ಬಿ. ತುಂಬಾ ತಣ್ಣಗಿದೆ, ಬಿಸಿನೀರಲ್ಲಿ ಡಬ್ಬಿ ಇಡು, ಚಳಿ ಬಿಡ್ಲಿ ಎಂದರು ಅತ್ತೆ. ಹಾಗೆಯೇ ಮಾಡಿ ಮುಚ್ಚಳ ತೆಗೆದಾಗ ಬಂದ ವಾಸನೆಗೆ ನಾನು ಮುಖ ತಿರುಗಿಸಿಕೊಂಡೇ ತುಂಡುಗಳನ್ನು ಬಟ್ಟಲಿಗೆ ಸುರಿದೆ. ಅತ್ತೆಯ ಮುಖ ಬಿಳುಪೇರಿತು. ಹೋಗಿಬಿಡುತ್ತಾರೆ ಅಂದುಕೊಂಡೆ. ಅವರು ಹೋಗಲಿಲ್ಲ. ಒಗೆಯುವ ಕಲ್ಲಿನ ಮೇಲಿನ ಹೂಗಳನ್ನು ಕೈಯಿಂದ ಬದಿಗೆ ಸರಿಸಿ, ಬಟ್ಟಲಿಗೆ ಬೆನ್ನು ಹಾಕಿ, ಕಾಂಪೌಂಡು ಗೋಡೆಗೆ ಮುಖ ಮಾಡಿ ಕೂತರು. ಎಡಗೈಯಲ್ಲಿ ಸೆರಗು ಮೂಗಿಗೆ. ಬಲಗೈ ಹಿಂದಕ್ಕೆ, ಗಾಳಿಯಲ್ಲಿ, ಯಾರಾದರೂ ಹಿಡಿಯಲಿ ಎನ್ನುವ ಹಾಗೆ.

"ಬಾರೋ ಕಂದ, ಉಣ್ಣು."

ಮರಿ ಗಿಡದ ಬುಡದಿಂದ ಎದ್ದ. ಮೊದಲು ಆ ಕೈಯ ಹತ್ತಿರ ಬಂದು ಮೂಸಿದ. ಬೆಳಗಿನ ಹೊತ್ತು ವಿಭೂತಿಯ ವಾಸನೆಯಿಲ್ಲದ ಕೈ ಅವನಿಗೂ ಹೊಸದೇ ಇರಬೇಕು, ಎರಡೆರಡು ಸಲ ಮೂಸಿದ. ಆಮೇಲೆ ಗಾಳಿಯಲ್ಲಿ ಮೂಗೆತ್ತಿದ. ಮೂಗಿನ ಹೊಳ್ಳೆ ಅರಳಿ ಮುಚ್ಚಿ ಅರಳುವುದನ್ನು ನಾನು ನೋಡುತ್ತಿದ್ದೆ. ಎಷ್ಟು ಹೊತ್ತೋ. ಎಲ್ಲೋ ದೂರದಲ್ಲಿ ಬಸ್ಸಿನ ಹಾರನ್ನು, ಪಕ್ಕದ ಮನೆಯ ಕುಕ್ಕರಿನ ಕೂಗು, ಎಲ್ಲ ನೀರಿನೊಳಗಿಂದ ಕೇಳಿಸಿದ ಹಾಗಿತ್ತು. ಅವನು ಬಟ್ಟಲಿಗೆ ಬಾಯಿ ಹಾಕಿದ. ಒಂದು ತುಂಡನ್ನು ಎತ್ತಿ, ಕೆಳಗಿಟ್ಟು, ನೆಕ್ಕಿ, ಮತ್ತೆ ಎತ್ತಿದ. ಆಮೇಲೆ ಎಲುಬು ನುರಿಯುವ ಸದ್ದು ಬಂತು, ನಾನು ಆ ಮನೆಯಲ್ಲಿ ಎಂದೂ ಕೇಳದ ಸದ್ದು.

"ತಿಂತಿದಾನಾ?" ಅತ್ತೆ ಗೋಡೆಯನ್ನೇ ಕೇಳಿದರು.

"ತಿಂತಿದಾನೆ."

"ಬಿಡ್ತಿಲ್ಲ ತಾನೆ?"

"ಬಟ್ಟಲು ನೆಕ್ತಿದಾನೆ ಅತ್ತೆ."

ಅವರ ಹಿಂದೆ ಚಾಚಿದ ಕೈ ಮೆಲ್ಲಗೆ ಕಲ್ಲಿನ ಮೇಲೆ ಇಳಿಯಿತು. ಅವರ ಬೆನ್ನು ಅಲುಗುತ್ತಿತ್ತು. ವಾಕರಿಕೆಯನ್ನು ತಡೆದುಕೊಳ್ಳುತ್ತಿದ್ದರೋ ಅಳುತ್ತಿದ್ದರೋ ನನಗೆ ಕಾಣಲಿಲ್ಲ. ನಾನೂ ಆ ಕಡೆ ಹೋಗಿ ನೋಡಲಿಲ್ಲ.

"ಸರಿ. ಬಿಸಿನೀರು ತೋಡು," ಎಂದು ಎದ್ದರು.

ಅಂದು ಅವರು ತಲೆಗೆ ಎರೆದುಕೊಂಡು, ಪೂಜೆಗೆ ಕೂತು ಬಹಳ ಹೊತ್ತು ಏಳಲಿಲ್ಲ. ಅಂಗೈಯ ಲಿಂಗದ ಜೊತೆ ಏನು ಮಾತಾಡಿಕೊಂಡರೋ. ಎದ್ದು ಬಂದವರು ತಟ್ಟೆಯ ಮುಂದೆ ಕೂತು, ಏನನ್ನೂ ಕೇಳದೆ, ಎರಡು ಚಪಾತಿ ಪೂರ್ತಿ ತಿಂದರು. ಮರಿ ಹೊಸ್ತಿಲಾಚೆ ಹೊಟ್ಟೆ ಮೇಲಾಗಿ ಮಲಗಿದ್ದ. ಆ ಹೊಟ್ಟೆ ಏರಿ ಇಳಿಯುವುದನ್ನು ನೋಡುತ್ತಾ ನಾನು ಕೂತಲ್ಲೇ ನಿದ್ದೆ ಹೋದೆನಂತೆ, ಕೈಯಲ್ಲಿ ಸೌಟು ಹಿಡಿದುಕೊಂಡೇ. ನಮ್ಮ ಯಜಮಾನರು ಆಮೇಲೆ ಹೇಳಿದರು.

ಒಂದು ಹೊತ್ತು ತಿಂದವನು ಇನ್ನೊಂದು ಹೊತ್ತು ತಿನ್ನುತ್ತಾನೆಂದು ಏನು ಗ್ಯಾರಂಟಿ ಎಂದು ಅವರಿಗೆ ಅನುಮಾನವಿತ್ತು. ಓಕಳಿಪುರಕ್ಕೆ ಫೋನು ಮಾಡಿ ಬೇಡವೆನ್ನಲು ಅವರಿಗೂ ಧೈರ್ಯವಾಗಲಿಲ್ಲ, ನನಗೂ ಆಗಲಿಲ್ಲ. ಹಾಗಾಗಿ ಭಾನುವಾರ ಗೆಳೆಯರು ಹೇಳಿದ ಹೊತ್ತಿಗೇ ಬಂದರು. ಕೈಯಲ್ಲಿ ಹೊಸ ಬೆಲ್ಟು, ಕಾರಿನ ಹಿಂದಿನ ಸೀಟಿಗೆ ಹಾಸಿದ ಹಳೇ ಬೆಡ್‌ಶೀಟು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಎಲ್ಲಿ ನಮ್ಮ ಹೀರೋ ಎಂದು ಕೇಳುತ್ತಾ ಒಳಗೆ ಬಂದವರು, ನಡುಮನೆಯಲ್ಲಿ ಕಾಲು ಚೆಲ್ಲಿ ಮಲಗಿದ್ದವನನ್ನು ನೋಡಿ ನಿಂತರು. ಮರಿ ಒಂದು ಕಣ್ಣು ತೆರೆದು, ಬಾಲದಿಂದ ನೆಲಕ್ಕೆ ಒಂದು ಸಲ ಬಡಿದು, ಮುಚ್ಚಿಕೊಂಡ.

ಅತ್ತೆ ಅಡಿಗೆಮನೆಯಿಂದ ಬಂದರು. ಒದ್ದೆ ಕೂದಲಿಗೆ ಟವೆಲು ಸುತ್ತಿತ್ತು, ಹಣೆ ತುಂಬಾ ವಿಭೂತಿ. ಕೈಯಲ್ಲಿ ಅವರೆಕಾಳು ಉಪ್ಪಿಟ್ಟಿನ ತಟ್ಟೆ.

"ಕೂತ್ಕೋಪ್ಪ, ತಿಂಡಿ ತಿಂದ್ಕೊಂಡು ಹೋಗು. ಅವನದು ಆಯ್ತು."

"ಆಯ್ತಾ? ಏನು ತಿಂದ ಅಮ್ಮಾ?"

"ಅವನ ಊಟ ಅವನು ತಿಂದ. ಇವತ್ತೂ ತಿಂದ, ನಿನ್ನೇನೂ ತಿಂದ."

ಗೆಳೆಯರು ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ. ಅವರು ಇನ್ನು ದಿನಾ ಮೊದಲು ಮರಿಯ ಊಟ, ಆಮೇಲೆ ತಮ್ಮ ಸ್ನಾನ, ಆಮೇಲೆ ಪೂಜೆ ಎಂದು ಬೆಳಗ್ಗೆ ಎದ್ದಾಗಲೇ ನನಗೆ ಹೇಳಿಯಾಗಿತ್ತು. ತಲೆತಲಾಂತರದಿಂದ ಪೂಜೆಗೆ ಮೊದಲು ಯಾರೂ ಉಣ್ಣದ ಮನೆಯಲ್ಲಿ, ಅದನ್ನು ಅವರು ಹಾಲಿನವನ ಹೊತ್ತು ಬದಲಾಯಿಸಿದಷ್ಟು ಸಲೀಸಾಗಿ ಹೇಳಿ ಮುಗಿಸಿದ್ದರು.

"ಅಮ್ಮಾ, ನೀವೇ ಪಕ್ಕದಲ್ಲಿ ಕೂತು ತಿನ್ನಿಸಿದ್ರಾ?" ಗೆಳೆಯರಿಗೆ ನಗು ತಡೆಯಲಾಗಲಿಲ್ಲ.

"ನಾನೆಲ್ಲಿ ತಿನ್ನಿಸ್ದೆ. ನಾನು ಗೋಡೆ ನೋಡ್ತಾ ಕೂತಿದ್ದೆ."

ಗೆಳೆಯರು ಬೆಲ್ಟನ್ನು ಸುರುಳಿ ಸುತ್ತಿ ಪ್ಯಾಂಟಿನ ಜೇಬಿಗೆ ತುರುಕಿ, ನೆಲದ ಮೇಲೆ ಮರಿಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ತಟ್ಟೆ ಈಸಿಕೊಂಡರು. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡರು.